ಫುಡ್ ಲೈಸೆನ್ಸ್ ಮಾಡಿಸಿಕೊಡ್ತೀನಿ ಅಂತ ಮನೆಗೆ ಬರುವ ಏಜೆಂಟರ ಬಗ್ಗೆ

ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ಸಿರಪ್ ಮಾಡಿ ಮಾರುವವರು ದಯವಿಟ್ಟು ಇದನ್ನು ಓದಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಸರ್ಟಿಫಿಕೇಟ್ ಈಗಾಗಲೇ ಕೈಯಲ್ಲಿದ್ದರೂ ಓದಿ. ನಮಗೆ ಸಿಕ್ಕಿದ್ದು ನಕಲಿ ಸರ್ಟಿಫಿಕೇಟ್ ಅಲ್ಲ, ಅಸಲಿಯೇ. ಆದರೂ ಉಪಯೋಗಕ್ಕೆ ಬರಲಿಲ್ಲ.

ನಾನು, ನಮ್ಮ ಅತ್ತಿಗೆ ಸೇರಿ ಶಿರಸಿ ಹತ್ತಿರ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು ಸಿರಪ್ ಮಾಡುತ್ತೇವೆ. 2021ರಲ್ಲಿ ಪೇಟೆಯಲ್ಲಿ ಕನ್ಸಲ್ಟೆನ್ಸಿ ಅಂತ ಬೋರ್ಡ್ ಹಾಕಿಕೊಂಡಿದ್ದ ಒಬ್ಬ ಮನೆಗೇ ಬಂದ. "ಮೇಡಂ, ನೀವೇನೂ ತಲೆ ಕೆಡಿಸ್ಕೋಬೇಡಿ. ಆಧಾರ್ ಕಾರ್ಡು, ಒಂದು ಫೋಟೊ ಕೊಡಿ. ಉಳಿದಿದ್ದು ನಂಗೆ ಬಿಡಿ" ಎಂದ. ಪ್ಯಾಕೇಜ್ 8,500 ರೂಪಾಯಿ. ಐದು ವರ್ಷದ ಫುಡ್ ಲೈಸೆನ್ಸ್, ನೀರಿನ ಪರೀಕ್ಷೆ, ಮೇಲೆ ಅಂತರರಾಷ್ಟ್ರೀಯ ಗುಣಮಟ್ಟದ್ದು ಅಂತ ಒಂದು ಐಎಸ್‌ಒ ಸರ್ಟಿಫಿಕೇಟ್, ಎಲ್ಲಾ ಅದರಲ್ಲೇ ಬಂತಂತೆ.

ಆಗಿನ ನಿಯಮ ಏನಿತ್ತು ಕೇಳಿ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಒಳಗಿದ್ದರೆ ಲೈಸೆನ್ಸೇ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಅದರ ಸರ್ಕಾರಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿದರೂ 500. ನಮ್ಮ ಬಿಲ್ಲಿನಲ್ಲಿ ನೀರಿನ ಪರೀಕ್ಷೆಗೆ ಅಂತಲೇ 1,800 ರೂಪಾಯಿ ಬರೆದಿದ್ದ. ನಮ್ಮ ಬಾವಿಯಿಂದ ಒಂದು ಬಾಟಲಿ ನೀರನ್ನೂ ಯಾರೂ ತುಂಬಿಕೊಂಡು ಹೋಗಿಲ್ಲ! ನೀರಿನ ವರದಿ ಕೇಳುವುದು ತಯಾರಕರ ಲೈಸೆನ್ಸಿಗೆ, ನಮ್ಮಂಥ ಸಣ್ಣ ನೋಂದಣಿಗಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಸ್ವಲ್ಪ ದಿನಕ್ಕೆ ವಾಟ್ಸಾಪ್‌ನಲ್ಲಿ ಸರ್ಟಿಫಿಕೇಟ್ ಬಂತು. 14 ಅಂಕಿಯ ನಂಬರು, ಅತ್ತಿಗೆಯ ಹೆಸರು, ಫೋಟೊ, ಎಲ್ಲಾ ಸರಿ. ನಂಬರು ಹಾಕಿಸಿ ಎರಡು ಸಾವಿರ ಪೌಚ್ ಪ್ರಿಂಟ್ ಮಾಡಿಸಿದೆವು.

ಹುಳುಕು ಹೊರಬಿದ್ದದ್ದು ಬೆಂಗಳೂರಿನ ಒಂದು ಅಂಗಡಿಯವರಿಂದ. ಮಾಲು ತೆಗೆದುಕೊಳ್ಳುವ ಮೊದಲು ಅವರು ಎಫ್‌ಎಸ್‌ಎಸ್‌ಎಐನ ಫೊಸ್ಕೊಸ್ ಜಾಲತಾಣದಲ್ಲಿ ನಮ್ಮ ನಂಬರು ಹಾಕಿ ನೋಡಿದರು. ವ್ಯಾಪಾರದ ಬಗೆ ಎಂಬಲ್ಲಿ ಇದ್ದದ್ದು ಚಿಲ್ಲರೆ ಮಾರಾಟಗಾರ. ತಯಾರಕ ಅಂತ ಎಲ್ಲೂ ಇಲ್ಲ. ಅಂದರೆ ಕಾಗದದ ಪ್ರಕಾರ ನಾವು ಬೇರೆಯವರ ಹಪ್ಪಳ ತಂದು ಮಾರುವವರು. "ನಿಮ್ಮ ಲೇಬಲ್ ಮೇಲೆ ತಯಾರಕರು ಅಂತಿದೆ, ಇಲ್ಲಿ ಬೇರೆ ಇದೆ, ನಮಗೆ ಆಗಲ್ಲ ಅಕ್ಕಾ" ಎಂದು ಆ ಅಂಗಡಿಯ ಹುಡುಗ ಸಮಾಧಾನದಿಂದಲೇ ಹೇಳಿದ. ಅವನದ್ದೇನೂ ತಪ್ಪಿಲ್ಲ ಬಿಡಿ. ಹುಡುಕುತ್ತಾ ಹೋದರೆ ಇನ್ನೊಂದು. ಅವಧಿ ಐದು ವರ್ಷ ಅಲ್ಲ, ಒಂದೇ ವರ್ಷ. ನಮ್ಮ ಪ್ಯಾಕೇಜಿನಲ್ಲಿ ಸರ್ಕಾರಕ್ಕೆ ಹೋದದ್ದು ಬರೀ ನೂರು ರೂಪಾಯಿ.

ಸರಿ, ತಿದ್ದಿಸೋಣ ಅಂದುಕೊಂಡರೆ ಅಲ್ಲೇ ಇರುವುದು ಅಸಲಿ ಕಿತಾಪತಿ. ಅರ್ಜಿ ಹಾಕುವಾಗ ಅವನು ಕೊಟ್ಟಿದ್ದು ತನ್ನ ಮೊಬೈಲ್ ನಂಬರು, ತನ್ನ ಇಮೇಲು. ಲಾಗಿನ್ ಅವನ ಬಳಿ, ಒಟಿಪಿ ಹೋಗುವುದೂ ಅವನಿಗೇ. ಹೆಸರು ಅತ್ತಿಗೆಯದು, ಬೀಗದ ಕೈ ಅವನದು. ನವೀಕರಣ ಮಾಡಬೇಕಾದರೂ, ಒಂದು ಅಕ್ಷರ ತಿದ್ದಬೇಕಾದರೂ ಅವನನ್ನೇ ಕೇಳಬೇಕು. ಮೊದಮೊದಲು ಫೋನೇ ಎತ್ತಲಿಲ್ಲ. ಆಮೇಲೆ ಎತ್ತಿ, "ಮಾಡಿಫಿಕೇಷನ್ ಚಾರ್ಜ್ ಬೇರೆ ಆಗತ್ತೆ ಮೇಡಂ, ಆರು ಸಾವಿರ" ಎಂದ. ಇದು ಕೈತಪ್ಪಿ ಆದದ್ದು ಅಂತ ನನಗಂತೂ ಅನಿಸುವುದಿಲ್ಲ. ಪ್ರತಿ ವರ್ಷ ನಾವು ಅವನ ಹತ್ತಿರ ಬರಲೇಬೇಕು ಅಲ್ವಾ, ಅದೇ ಲೆಕ್ಕ.

ಐಎಸ್‌ಒ ಸರ್ಟಿಫಿಕೇಟಿನ ಕಥೆ ಇನ್ನೂ ಚೆನ್ನಾಗಿದೆ. ಬಂಗಾರದ ಬಣ್ಣದ ಅಂಚು, ದುಂಡನೆ ಸೀಲು, 'ಐಎಸ್‌ಒ 22000' ಎಂದು ದಪ್ಪಕ್ಷರ. ಆಡಿಟ್ ನಡೆದಿದೆ ಅಂತ ಒಂದು ತಾರೀಖು ಬೇರೆ. ಆ ದಿನ ನಮ್ಮ ಮನೆಯಲ್ಲಿ ಮಾವನವರ ತಿಥಿ. ಭಟ್ಟರು ಬಂದಿದ್ದರು, ನೆಂಟರು ಬಂದಿದ್ದರು, ಆಡಿಟರ್ ಬಂದದ್ದು ಯಾರೂ ಕಾಣಲಿಲ್ಲ. ಐಎಸ್‌ಒ ಸಂಸ್ಥೆ ತಾನೇ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಬೇರೆ ಸಂಸ್ಥೆಗಳು ಘಟಕಕ್ಕೆ ಬಂದು ನೋಡಿ ಕೊಡುತ್ತವೆ. ಆ ಸಂಸ್ಥೆಗಳಿಗೆ ನಮ್ಮ ದೇಶದಲ್ಲಿ ಮಾನ್ಯತೆ ಕೊಡುವುದು ಎನ್‌ಎಬಿಸಿಬಿ ಎಂಬ ಮಂಡಳಿ. ನಮ್ಮ ಕಾಗದದ ಮೇಲೆ ಅದರ ಗುರುತೇ ಇರಲಿಲ್ಲ. ಅಷ್ಟಕ್ಕೂ ನಮ್ಮಂಥ ಹಪ್ಪಳದವರಿಗೆ ಇದು ಬೇಕೇಬೇಕು ಅಂತ ಯಾವ ಕಾನೂನೂ ಹೇಳುವುದಿಲ್ಲ.

ಕೊನೆಗೆ ಆಹಾರ ಸುರಕ್ಷತಾ ಅಧಿಕಾರಿಯ ಕಚೇರಿಗೆ ಹೋದೆವು. ಹಳೇ ನೋಂದಣಿ ರದ್ದು ಮಾಡಿ ಅಂತ ಬರೆದುಕೊಟ್ಟು, ನಮ್ಮದೇ ಮೊಬೈಲ್ ನಂಬರು ಹಾಕಿ ಹೊಸದಾಗಿ ಅರ್ಜಿ ಹಾಕಿದೆವು. ಅತ್ತಿಗೆಯ ಮಗಳು ಊಟ ಆದಮೇಲೆ ಕೂತು ಮುಗಿಸಿದಳು. ನಂಬರು ಬದಲಾದ್ದರಿಂದ ಪ್ರಿಂಟ್ ಮಾಡಿಸಿದ್ದ ಪೌಚ್ ಎಲ್ಲಾ ದಂಡ. ಪೊಲೀಸರ ಹತ್ತಿರವೂ ಹೋಗಿದ್ದೆವು. ಬಿಲ್ಲಿನಲ್ಲಿ ಸೇವಾ ಶುಲ್ಕ ಎಂದು ಬರೆದು ಸಹಿ ಹಾಕಿದ್ದಾನೆ, ನೋಡೋಣ ಎಂದರು. ಅಷ್ಟೇ.

ಈಗಾಗಲೇ ಏಜೆಂಟರ ಕೈಲಿ ಮಾಡಿಸಿದ್ದರೆ ಇವತ್ತೇ ಒಂದು ಕೆಲಸ ಮಾಡಿ. ಫೊಸ್ಕೊಸ್‌ನಲ್ಲಿ ನಿಮ್ಮ 14 ಅಂಕಿ ಹಾಕಿ ಹುಡುಕಿ. ಲಾಗಿನ್ ಬೇಕಿಲ್ಲ. ಹೆಸರು, ವಿಳಾಸ, ವ್ಯಾಪಾರದ ಬಗೆ, ಚಾಲ್ತಿಯಲ್ಲಿದೆಯೋ ಇಲ್ಲವೋ ನೋಡಿ. ನಂಬರು 2ರಿಂದ ಶುರುವಾದರೆ ನೋಂದಣಿ, 1ರಿಂದ ಆದರೆ ಲೈಸೆನ್ಸ್. ಆಮೇಲೆ ಲಾಗಿನ್ ಆಗಲು ಹೋಗಿ, ಒಟಿಪಿ ಯಾರ ಮೊಬೈಲಿಗೆ ಬರುತ್ತದೆ ನೋಡಿ. ಗೂಗಲ್‌ನಲ್ಲಿ ಹುಡುಕುವಾಗಲೂ ಹುಷಾರು. ಸರ್ಕಾರದ್ದೇ ಅನ್ನಿಸುವ ಹಾಗೆ ಮಾಡಿದ ಖಾಸಗಿ ಜಾಲತಾಣಗಳು ಜಾಹೀರಾತಿನಲ್ಲಿ ಮೊದಲು ಬರುತ್ತವೆ. ಅಸಲಿ ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ಇನ್ ಇರುತ್ತದೆ.

ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ತಯಾರಿಕಾ ಘಟಕಗಳಿಗೆ ನೆರವಾಗುವ ಕೇಂದ್ರದ ಯೋಜನೆಯಲ್ಲಿ ಸಾಲ, ಸಹಾಯಧನಕ್ಕೆ ಅರ್ಜಿ ಹಾಕುವವರಿಗೆ ಈ ಕಾಗದಪತ್ರ ಮಾಡಿಕೊಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳೇ ಇದ್ದಾರೆ. ಅವರಿಗೆ ದುಡ್ಡು ಕೊಡುವುದು ಯೋಜನೆ, ನೀವಲ್ಲ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ ಎಂಬ ರಾಜ್ಯ ಸರ್ಕಾರದ ನಿಗಮ.

ಅದೇ ಏಜೆಂಟ್ ಈಗ ನಮ್ಮ ಕಡೆ ಬಾಳೆಕಾಯಿ, ಕಾಳುಮೆಣಸು ಬೆಳೆಯುವವರ ಮನೆಗೂ ಹೋಗಿ, ಫುಡ್ ಲೈಸೆನ್ಸ್ ಇಲ್ಲದಿದ್ದರೆ ದಂಡ ಬೀಳುತ್ತದೆ ಅಂತ ಹೆದರಿಸುತ್ತಿದ್ದಾನೆ. ತನ್ನ ತೋಟದಲ್ಲಿ ಬೆಳೆದದ್ದನ್ನು ಹಾಗೇ ಮಾರುವ ರೈತನಿಗೆ 2006ರ ಆಹಾರ ಸುರಕ್ಷತಾ ಕಾಯ್ದೆ ಅನ್ವಯಿಸುವುದಿಲ್ಲ. ಕಾಯ್ದೆಯ 18ನೇ ಸೆಕ್ಷನ್‌ನಲ್ಲೇ ಇದೆ. ಹಲಸಿನಕಾಯಿ ಮಾರಲು ಏನೂ ಬೇಡ, ಅದನ್ನು ಹಪ್ಪಳ ಮಾಡಿ ಮಾರುವ ವ್ಯಾಪಾರಕ್ಕೆ ಇಳಿದರೆ ನೋಂದಣಿ ಬೇಕು. ನಿಮ್ಮ ಮನೆಗೂ ಬಂದರೆ ಆ ಸೆಕ್ಷನ್ ಓದಿ ಹೇಳಪ್ಪಾ ಅಂತ ಕೇಳಿ ನೋಡಿ. ಪಕ್ಕದ ಮನೆಯವರು ಕೇಳಿದ್ದಕ್ಕೆ, ಸಾಹೇಬರಿಗೆ ಫೋನ್ ಮಾಡಿ ಬರ್ತೀನಿ ಅಂತ ಹೊರಗೆ ಹೋದವನು ಬೈಕ್ ಹತ್ತಿ ಹೋದನಂತೆ.