ಇಕತ್ ಪಂಚೆ-ಶಲ್ಯ ತಗೊಳ್ಳುವ ಮುಂಚೆ ಒಂದು ಎಳೆ ತೆಗೆದು ನೋಡಿ

ಮನೆಯಲ್ಲಿ ಮದುವೆ, ಉಪನಯನ ಇಟ್ಟುಕೊಂಡವರು ದಯವಿಟ್ಟು ಓದಿ. ಕೈಮಗ್ಗದ ಇಕತ್ (ನೂಲಿಗೇ ಮೊದಲು ಬಣ್ಣ ಹಾಕಿ, ಆಮೇಲೆ ಚಿತ್ತಾರ ಮೂಡುವ ಹಾಗೆ ನೇಯ್ದ ಬಟ್ಟೆ) ಅಂತ ಹೇಳಿ ನನಗೆ ಪ್ರಿಂಟ್ ಹೊಡೆದ ಪಂಚೆ-ಶಲ್ಯ ಕೊಟ್ಟರು. ಒಂದಲ್ಲ, ಐದು ಜೊತೆ. ಜೊತೆಗೆ 4,200 ರೂಪಾಯಿಯಂತೆ 21,000. ದುಡ್ಡು ಹೋದ ಹೊಟ್ಟೆಯುರಿ ಒಂದು ಕಡೆ. ಅದರಲ್ಲಿ ಒಂದು ಜೊತೆಯನ್ನು ನಾನು ತಟ್ಟೆಯಲ್ಲಿಟ್ಟು ಬೀಗರ ಕೈಗೆ ಕೊಟ್ಟಿದ್ದೆ. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ತಮ್ಮನ ಮದುವೆಗೆ ಜರಿ ಪಂಚೆ ಬೇಡ, ಹತ್ತಿಯದೇ ಇರಲಿ, ನೇಕಾರರಿಂದ ನೇರ ತರೋಣ ಅಂತ ಹಟ ಹಿಡಿದವನು ನಾನೇ. ತೆಲಂಗಾಣದ ಪುಟ್ಟಪಾಕದಲ್ಲಿ ನೇಯುವ ತೇಲಿಯಾ ರುಮಾಲ್ ಅನ್ನೋ ಇಕತ್ ನನಗೆ ಮೊದಲಿಂದ ಇಷ್ಟ. ಕೆಂಪು, ಕಪ್ಪು, ಬಿಳಿ, ಮೂರೇ ಬಣ್ಣ. ನೂಲನ್ನು ಎಣ್ಣೆಯಲ್ಲಿ, ಹರಳು ಗಿಡದ ಬೂದಿಯಲ್ಲಿ ದಿನಗಟ್ಟಲೆ ಹದ ಮಾಡುತ್ತಾರೆ. ಆ ಎಣ್ಣೆಯಿಂದಲೇ ತೇಲಿಯಾ ಅಂತ ಹೆಸರು. ಹಾಸು, ಹೊಕ್ಕು ಎರಡರ ನೂಲನ್ನೂ ಮೊದಲೇ ಕಟ್ಟಿ, ಬಣ್ಣಕ್ಕೆ ಅದ್ದಿ, ಆಮೇಲೆ ಮಗ್ಗಕ್ಕೆ ಹಾಕುವುದು. 2020ರಲ್ಲಿ ಜಿಐ (ಒಂದು ಊರಿನ ವಿಶೇಷ ವಸ್ತು ಅಂತ ಕೊಡುವ ಮಾನ್ಯತೆ) ಕೂಡ ಸಿಕ್ಕಿದೆ. ಆ ಮಾದರಿಯ ಶಲ್ಯ, ಅದಕ್ಕೆ ಹೊಂದುವ ಅಂಚಿನ ಪಂಚೆ ಬೇಕಿತ್ತು.

ಇನ್‌ಸ್ಟಾಗ್ರಾಂನಲ್ಲಿ ಒಂದು ಪೇಜ್ ಸಿಕ್ಕಿತು. ಮಗ್ಗ ನಡೆಯುವ ವಿಡಿಯೋ, ಕಟ್ಟಿದ ನೂಲಿನ ಫೋಟೋ, ಎಲ್ಲಾ ಇತ್ತು. ವಾಟ್ಸಾಪ್‌ನಲ್ಲಿ ಕೇಳಿದೆ, ಕೈಮಗ್ಗದ್ದೇನಾ ಅಂತ. "ಹೌದು ಸರ್, ನೂರಕ್ಕೆ ನೂರು. ನಮ್ಮ ಮನೆ ಮಗ್ಗ" ಅಂದ. ಜಿಐ ಸರ್ಟಿಫಿಕೇಟಿನ ಫೋಟೋ ಬೇರೆ ಕಳಿಸಿದ. ಶಲ್ಯದಲ್ಲಿ ಕಪ್ಪು ಕಡಿಮೆ ಮಾಡಿ ಕೆಂಪು ಜಾಸ್ತಿ ಮಾಡಿಕೊಡ್ತೀರಾ ಅಂದೆ. ಆಗುತ್ತೆ ಸರ್ ಅಂದ. ಪೂರ್ತಿ ದುಡ್ಡು ಮುಂಗಡ ಹಾಕಿಸಿಕೊಂಡ.

ನಾಲ್ಕೇ ದಿನಕ್ಕೆ ಐದೂ ಜೊತೆ ಮನೆಗೆ ಬಂತು. ನೂಲು ಕಟ್ಟಿ, ಬಣ್ಣ ಹಾಕಿ, ಒಣಗಿಸಿ, ನೇಯುವುದಕ್ಕೆ ವಾರಗಟ್ಟಲೆ ಬೇಕು. ನಾನು ಕೇಳಿದ ಬಣ್ಣದಲ್ಲಿ ನಾಲ್ಕು ದಿನಕ್ಕೆ ಹೇಗೆ ಬಂತು? ಇದು ನನಗೆ ಆಗಲೇ ಹೊಳೆಯಬೇಕಿತ್ತು. ಗೊತ್ತಿರುವ ವಿಷಯವೇ. ಆದರೆ ಮದುವೆ ಗಡಿಬಿಡಿ, ಸದ್ಯ ಬೇಗ ಬಂತಲ್ಲ ಅಂತ ಖುಷಿಪಟ್ಟೆ. ಬಿಚ್ಚಿದಾಗ ಸೀಮೆಎಣ್ಣೆ ವಾಸನೆ ಬಂತು. ಕೇಳಿದೆ. "ತೇಲಿಯಾ ಅಲ್ವಾ ಸರ್, ಎಣ್ಣೆ ವಾಸನೆ ಇದ್ದೇ ಇರುತ್ತೆ. ಅದೇ ಅಸಲಿಗೆ ಗುರುತು" ಅಂದ. ನಂಬಿದೆ. ನನಗೆ ಗೊತ್ತಿದ್ದ ವಿಷಯವನ್ನೇ ಹಿಡಿದು ನನಗೆ ಮೋಸ ಮಾಡಿದ.

ಧಾರೆ ದಿನ ಬೆಳಿಗ್ಗೆ ಅಪ್ಪನ ಹಳೆಯ ಗೆಳೆಯರೊಬ್ಬರು ಬಂದಿದ್ದರು. ಗುಳೇದಗುಡ್ಡದವರು, ಮೂವತ್ತು ವರ್ಷ ಖಣ ನೇಯ್ದವರು. ಕೈಮಗ್ಗದ್ದು ಅಂಕಲ್, ನೋಡಿ ಅಂತ ನಾನೇ ನನ್ನ ಶಲ್ಯ ಕೊಟ್ಟೆ. ಅವರು ಹಿಂದೆ ಮುಂದೆ ತಿರುಗಿಸಿದರು. ಒಳಬದಿ ಬಣ್ಣ ಮಂಕಾಗಿತ್ತು. ಕೆಂಪು ಇರುವ ತುದಿಯಿಂದ ಒಂದು ಎಳೆ ಮೆಲ್ಲಗೆ ಎಳೆದು ನನ್ನ ಅಂಗೈ ಮೇಲೆ ಇಟ್ಟರು. ಎಳೆಯುದ್ದಕ್ಕೂ ಕೆಂಪು ಚುಕ್ಕೆ, ಬಿಳಿ ಚುಕ್ಕೆ, ಕೆಂಪು ಚುಕ್ಕೆ, ಬಿಳಿ ಚುಕ್ಕೆ. ಇನ್ನೊಂದು ಎಳೆ ಮೇಲೆ ಹಾದುಹೋದ ಕಡೆಯೆಲ್ಲಾ ಬಣ್ಣ ಹತ್ತಿರಲೇ ಇಲ್ಲ. ಬಣ್ಣಕ್ಕೆ ಅದ್ದಿದ ನೂಲಾಗಿದ್ದರೆ ಆ ಭಾಗ ಪೂರ್ತಿ ಕೆಂಪಿರಬೇಕಿತ್ತು.

"ತಮ್ಮಾ, ಇದು ನೇಯ್ದ ಚಿತ್ತಾರ ಅಲ್ಲ, ಮ್ಯಾಲೆ ಒತ್ತಿದ್ದು ಐತಿ" ಅಂದರು. ದೊಡ್ಡ ದನಿಯಲ್ಲಿ ಹೇಳಲಿಲ್ಲ, ಅದು ಅವರ ದೊಡ್ಡತನ. ಅಷ್ಟರಲ್ಲಿ ತಮ್ಮ ಅಂಥದ್ದೇ ಇನ್ನೊಂದನ್ನು ಹೊದ್ದು ಮಂಟಪದಲ್ಲಿ ಕೂತಿದ್ದ. ಬೀಗರು ತಮ್ಮ ಕಡೆಯವರಿಗೆಲ್ಲಾ "ಅಳಿಯನ ಅಣ್ಣ ಪುಟ್ಟಪಾಕದಿಂದ ತರಿಸಿದ್ದು" ಅಂತ ಹೇಳುತ್ತಿದ್ದರು.

ಮಾರನೇ ದಿನ ಆ ಪೇಜಿನವನಿಗೆ ಫೋನ್ ಮಾಡಿದೆ. ಅವನ ಉತ್ತರ ಹೇಗೆ ಬದಲಾಯಿತು ನೋಡಿ. ಮೊದಲು, "ಇಕತ್ ಅನ್ನೋದು ಡಿಸೈನ್ ಹೆಸರು ಸರ್, ನೇಯ್ಗೆ ಅಂತ ನಾವು ಹೇಳಿಲ್ಲ." ಅವನದೇ ಮೆಸೇಜ್ ಸ್ಕ್ರೀನ್‌ಶಾಟ್ ಕಳಿಸಿದೆ. ಆಮೇಲೆ, "ಬಟ್ಟೆ ಕೈಮಗ್ಗದ್ದೇ, ಡಿಸೈನ್ ಮಾತ್ರ ಪ್ರಿಂಟ್." ಹಾಗಾದರೆ ಕೈಮಗ್ಗದ್ದೇ ಅಂತ ತೋರಿಸುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಎಲ್ಲಿ ಅಂದೆ. "ಅದು ದೊಡ್ಡ ಅಂಗಡಿಯವರಿಗೆ ಸರ್." ವಾಪಸ್ ತಗೊಳ್ಳಿ ಅಂದೆ. "ಉಟ್ಟ ಬಟ್ಟೆ ತಗೊಳ್ಳಲ್ಲ, ಮುಂದಿನ ಆರ್ಡರಿಗೆ 500 ಕಡಿಮೆ ಮಾಡ್ತೀನಿ." ಮುಂದಿನ ಆರ್ಡರಂತೆ! ಕೊನೆಗೆ, "ಮದುವೆ ಚೆನ್ನಾಗಿ ಆಯ್ತಲ್ಲ ಸರ್, ಇನ್ನೇನು?" ಅಂದು ಬ್ಲಾಕ್ ಮಾಡಿದ.

ವಾರ ಬಿಟ್ಟು ಬೀಗರಿಗೆ ನಾನೇ ಹೇಳಿದೆ. "ಬಿಡಿ, ಬಟ್ಟೆ ತಾನೇ" ಅಂದರು. ಅವರು ಬೈದಿದ್ದರೆ ವಾಸಿಯಿತ್ತು.

ತಗೊಳ್ಳುವವರು ಎರಡೂ ಬದಿ ನೋಡಿ, ಬಣ್ಣ ಒಂದೇ ಸಮ ಇರಬೇಕು. ಚಿತ್ತಾರದ ಅಂಚು ಸ್ವಲ್ಪ ಹರಡಿದ ಹಾಗಿರಬೇಕು, ಗೆರೆ ಎಳೆದ ಹಾಗೆ ಇದ್ದರೆ ಅನುಮಾನಪಡಿ. ಆದರೆ ಹರಡಿದ ಹಾಗೆ ಕಾಣುವುದನ್ನೂ ಪ್ರಿಂಟ್ ಮಾಡುತ್ತಾರೆ, ಅದಕ್ಕೇ ಎಳೆ ತೆಗೆದೇ ನೋಡಿ. ಜಿಐ ಫೋಟೋ ಯಾರು ಬೇಕಾದರೂ ಕಳಿಸಬಹುದು. ಪೂರ್ತಿ ದುಡ್ಡು ಮೊದಲೇ ಹಾಕಲೇಬೇಡಿ. ನಾನು 1915ಕ್ಕೆ, ಗ್ರಾಹಕ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ.

ಮೊನ್ನೆ ಹೆಂಡತಿಯ ಫೋನಿನಲ್ಲಿ ಆ ಪೇಜ್ ನೋಡಿದೆ. ಅದೇ ಮಗ್ಗದ ವಿಡಿಯೋ, ಅದೇ ಶಲ್ಯ. ಕೆಳಗೆ ಯಾರೋ ಮಗನ ಉಪನಯನಕ್ಕೆ ಮೂರು ಜೊತೆ ಬೇಕು ಅಂತ ಕೇಳಿದ್ದರು. ಬೇಡಿ, ಪ್ರಿಂಟ್ ಕೊಡ್ತಾನೆ ಅಂತ ಅಲ್ಲೇ ಬರೆದೆ. ಅರ್ಧ ಗಂಟೆಯೊಳಗೆ ಅಳಿಸಿಹಾಕಿದ. ಆ ಮೂರು ಜೊತೆ ಕೇಳಿದವರು ನೀವೇ ಆಗಿದ್ದರೆ, ಇನ್ನೂ ದುಡ್ಡು ಹಾಕಿಲ್ಲದಿದ್ದರೆ, ಹಾಕಬೇಡಿ.