ಸಿಂಬಲ್ಸ್ ಫೈಲೋ, ಶ್‌ಲಿಬ್ಸ್ ಫೈಲೋ?

ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಲೇ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಲೈಬ್ರರಿ ಪ್ಯಾಕೇಜ್ ಮಾಡಲು ಹೊರಟವರಿಗೆ ಬೇಗನೇ ಎದುರಾಗುವ ಪ್ರಶ್ನೆ ಇದು. ಲೈಬ್ರರಿ (ಬೇರೆ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಬಳಸುವ ಪ್ರೋಗ್ರಾಂಗೆ ಅದರ ಕನಿಷ್ಠ ಯಾವ ವರ್ಷನ್ ಬೇಕು ಅಂತ ಹೇಳುವ ಎರಡು ಬಗೆಯ ಫೈಲುಗಳಿವು.

ಶ್‌ಲಿಬ್ಸ್ ಸುಲಭ. ಇಡೀ ಲೈಬ್ರರಿಗೆ ಒಂದೇ ಸಾಲು, ಒಂದೇ ಕನಿಷ್ಠ ವರ್ಷನ್. ಡಿಎಚ್_ಮೇಕ್‌ಶ್‌ಲಿಬ್ಸ್ ಎಂಬ ಟೂಲ್ ತಾನೇ ಬರೆದುಕೊಡುತ್ತದೆ. ಆದರೆ 1.0ರಿಂದಲೇ ಇರುವ ಒಂದು ಫಂಕ್ಷನ್ ಮಾತ್ರ ಬಳಸುವ ಪ್ರೋಗ್ರಾಂ ಕೂಡ 1.8 ಬೇಕೇ ಬೇಕು ಅಂತ ಹಟ ಹಿಡಿಯಬಹುದು. ಬೀದರ್ ಕಡೆಯ ಶಾಲೆಯ ಹಳೇ ಕಂಪ್ಯೂಟರಿಗೆ ಸುಮ್ನೆ ಇನ್ನೊಂದು ಡೌನ್‌ಲೋಡ್.

ಸಿಂಬಲ್ಸ್ ಫೈಲಿನಲ್ಲಿ ಪ್ರತಿ ಸಿಂಬಲ್‌ಗೂ (ಲೈಬ್ರರಿ ಹೊರಗೆ ಕೊಡುವ ಫಂಕ್ಷನ್ ಮೊದಲಾದವುಗಳ ಹೆಸರು) ಒಂದು ಸಾಲು. "ಪದ_ಹುಡುಕು@ಬೇಸ್ 1.2" ಅಂದರೆ ಆ ಫಂಕ್ಷನ್‌ಗೆ 1.2 ಇದ್ದರೆ ಸಾಕು. ಪ್ರೋಗ್ರಾಂ ನಿಜವಾಗಿ ಬಳಸುವ ಸಿಂಬಲ್‌ಗಳನ್ನು ನೋಡಿಯೇ ವರ್ಷನ್ ತೀರ್ಮಾನವಾಗುತ್ತದೆ. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ: ಯಾವುದಾದರೂ ಸಿಂಬಲ್ ಮಾಯವಾದರೆ ಡಿಪಿಕೆಜಿ-ಜೆನ್‌ಸಿಂಬಲ್ಸ್ ಎಂಬ ಟೂಲ್ ಬಿಲ್ಡನ್ನೇ (ಪ್ಯಾಕೇಜ್ ಕಟ್ಟುವ ಕೆಲಸವನ್ನೇ) ನಿಲ್ಲಿಸುತ್ತದೆ. ಬೇರೆಯವರ ಪ್ರೋಗ್ರಾಂ ಕೆಡುವ ಮೊದಲೇ ನಮಗೆ ಗೊತ್ತಾಗುವುದು ಒಳ್ಳೇದು ಅಲ್ವಾ? ಆಗ ದಯವಿಟ್ಟು ಸಾಲು ಅಳಿಸಿ ಮುಂದೆ ಹೋಗಬೇಡಿ. ಅದು ಹೊರಗಿನವರು ಬಳಸುವ ಸಿಂಬಲ್ ಆಗಿದ್ದರೆ ಸೋನೇಮ್ (ಪ್ರೋಗ್ರಾಂಗಳು ಲೈಬ್ರರಿಯನ್ನು ಗುರುತಿಸುವ, ವರ್ಷನ್ ಅಂಕಿಯಿರುವ ಹೆಸರು) ಬದಲಾಗಲೇಬೇಕು. ಹೊಸ ಸಾಲಿನಲ್ಲಿ 1.2-1 ಅಂತ ಬಂದರೆ ಕೊನೆಯ -1 (ಡೆಬಿಯನ್ ಸೇರಿಸುವ ಪರಿಷ್ಕರಣೆ ಸಂಖ್ಯೆ) ತೆಗೆಯಿರಿ, ಬ್ಯಾಕ್‌ಪೋರ್ಟ್ ಮಾಡುವವರಿಗೆ, ಅಂದರೆ ಹೊಸ ಪ್ಯಾಕೇಜನ್ನು ಹಳೇ ಡೆಬಿಯನ್‌ಗೆ ತರುವವರಿಗೆ, ಅದು ಅಡ್ಡ ಬರುತ್ತದೆ.

ಕೆಲಸ ಜಾಸ್ತಿ, ನಿಜ. ಹೆಸರು ಅದೇ ಇದ್ದು ಫಂಕ್ಷನ್ ನಡೆದುಕೊಳ್ಳುವ ರೀತಿ ಬದಲಾದರೆ ಟೂಲ್‌ಗೆ ತಿಳಿಯುವುದಿಲ್ಲ, ವರ್ಷನ್ ಕೈಯಾರೆ ಏರಿಸಬೇಕು.

ಸಿ ಲೈಬ್ರರಿಯಾದರೆ ಕಣ್ಣು ಮುಚ್ಚಿ ಸಿಂಬಲ್ಸ್ ಫೈಲ್ ಇಡಿ. ಸಿ++ ಆದರೆ ಸಿಂಬಲ್ ಹೆಸರುಗಳು ಆರ್ಕಿಟೆಕ್ಚರ್ (ಪ್ರೊಸೆಸರ್ ಬಗೆ), ಕಂಪೈಲರ್ ಬದಲಾದಂತೆ ಬದಲಾಗಬಹುದು. ಒಬ್ಬರೇ ನೋಡಿಕೊಳ್ಳುವ ದೊಡ್ಡ ಸಿ++ ಲೈಬ್ರರಿಗೆ ಶ್‌ಲಿಬ್ಸೇ ಸರಿ.