ಮೂರು ಸ್ಕೋಪ್, ಎರಡು ಮೌಂಟ್, ಒಂದೇ ಏರ್ ರೈಫಲ್

ಕೈಲ್ ಮುಹೂರ್ತ ಹತ್ತಿರ ಬಂತೆಂದರೆ ಕೊಡಗಿನಲ್ಲಿ ಊರೂರಲ್ಲೂ ಗುಂಡಿನ ಸದ್ದು ಶುರು. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಲ್ಲದಿದ್ದರೆ ನಮಗೆ ಹಬ್ಬ ಮುಗಿದ ಹಾಗೆ ಅನ್ನಿಸುವುದಿಲ್ಲ. ಪಾಯಿಂಟ್ 22 ರೈಫಲ್, ತೋಟಾ ಕೋವಿ ಇದ್ದವರು ಕಾಯಿಗೆ ಹೊಡೆಯುತ್ತಾರೆ. ಏರ್‌ಗನ್ ವಿಭಾಗ ಇಟ್ಟ ಕಡೆ ಗುರಿಗೆ ಕೋಳಿಮೊಟ್ಟೆ ಇಡುತ್ತಾರೆ. ಆ ಮೊಟ್ಟೆಗೆಂದೇ ನಾನು ಒಂದು ಮಳೆಗಾಲ ಪೂರ್ತಿ ಒಂದೇ ಏರ್ ರೈಫಲ್ ಮೇಲೆ ಮೂರು ಸ್ಕೋಪ್ (ಗುರಿ ನೋಡುವ ದುರ್ಬೀನು), ಎರಡು ಥರದ ಮೌಂಟ್ (ಸ್ಕೋಪನ್ನು ರೈಫಲ್ ಮೇಲೆ ಹಿಡಿದಿಡುವ ಹಿಡಿಕೆ) ಹಾಕಿ ನೋಡಿದೆ. ಮಳೆ ಸುರಿಯುವಾಗ ಗೋದಾಮಿನೊಳಗೆ 10 ಮೀಟರ್. ಮಳೆ ಬಿಟ್ಟಾಗ ಕಾಫಿ ಕಣದಲ್ಲಿ 20 ಮೀಟರ್, ಗುರಿಯ ಹಿಂದೆ ಮಣ್ಣಿನ ಬರೆ.

ರೈಫಲ್ ಸ್ಪ್ರಿಂಗ್‌ನದು, ನಳಿಗೆ ಮಡಚಿ ಪೆಲೆಟ್ ಎಂಬ ಸಣ್ಣ ಗುಂಡು ಹಾಕುವ ಬಗೆ. 0.177 ಇಂಚು, ಅಂದರೆ 4.5 ಮಿ.ಮೀ. ಈ ಅಳತೆಯದು, ಶಕ್ತಿ 20 ಜೌಲ್ ಮೀರದಿದ್ದರೆ, 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಬೇಡ. ಹಾಗಂತ ಹಕ್ಕಿಗೋ ಅಳಿಲಿಗೋ ಗುರಿ ಇಡಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕಿಂತ ಮೊದಲು ಅವೂ ನಮ್ಮ ತೋಟದವೇ. ನನ್ನ ಗುರಿ ಕಾಗದ ಮತ್ತು ಮೊಟ್ಟೆ, ಅಷ್ಟೇ.

ಮೊದಲನೆಯದು ರೈಫಲ್ ಜೊತೆ ಡಬ್ಬಿಯಲ್ಲೇ ಬಂದ 4x32. ನಾಲ್ಕು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 32 ಮಿ.ಮೀ. ಎರಡನೆಯದು ಪೇಟೆಯ ಒಂದು ಅಂಗಡಿಯಲ್ಲಿ ಕೊಂಡ 3-9x40, ಅಂದರೆ ಮೂರರಿಂದ ಒಂಬತ್ತು ಪಟ್ಟಿನವರೆಗೆ ಬದಲಾಯಿಸಬಹುದಾದದ್ದು, ಗುಂಡಿನ ರೈಫಲ್‌ಗೆಂದು ಮಾಡಿದ್ದು. "ಯಾವ ಕೋವಿಗೂ ಆಗುತ್ತೆ, ತಗೊಂಡು ಹೋಗಿ" ಅಂದಿದ್ದರು. ಮೂರನೆಯದೂ 3-9x40, ಆದರೆ ಏರ್ ರೈಫಲ್‌ಗೆಂದೇ ಮಾಡಿದ್ದು. ಮುಂದಿನ ಗಾಜಿನ ಸುತ್ತ ತಿರುಗಿಸುವ ಬಳೆಯೊಂದಿದೆ, ಅದರ ಮೇಲೆ ದೂರದ ಅಂಕಿಗಳಿವೆ. ಇದನ್ನು ಏಓ (ಅಡ್ಜಸ್ಟಬಲ್ ಆಬ್ಜೆಕ್ಟಿವ್) ಅಂತ ಕರೆಯುತ್ತಾರೆ. ನನ್ನದು 10 ಗಜದವರೆಗೂ ಇಳಿಯುತ್ತದೆ.

ಎರಡನೆಯದರ ಕತೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ನನ್ನ ಹಾಗೆ ದುಡ್ಡು ಕಳೆದುಕೊಳ್ಳುವವರು ಜಾಸ್ತಿ. ಗುಂಡಿನ ರೈಫಲ್ ಹಿಂದಕ್ಕೆ ಮಾತ್ರ ಒದೆಯುತ್ತದೆ. ಅದರ ಸ್ಕೋಪ್ ಆ ಒಂದು ಒದೆತ ತಡೆಯುವ ಹಾಗೆ ಗಟ್ಟಿಯಾಗಿರುತ್ತದೆ. ಸ್ಪ್ರಿಂಗ್ ರೈಫಲ್ ಹಾಗಲ್ಲ. ಒಳಗಿನ ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಹಿಂದಕ್ಕೆ ಬರುತ್ತದೆ, ಪಿಸ್ಟನ್ ತುದಿಗೆ ಹೋಗಿ ನಿಂತಾಗ ರೈಫಲ್ ಮುಂದಕ್ಕೆ ಜಿಗಿಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎರಡು ಹೊಡೆತ, ಎರಡು ದಿಕ್ಕಿಗೆ. ಆ ಎರಡನೆಯ ಹೊಡೆತಕ್ಕೆ ನನ್ನ ಸ್ಕೋಪ್ ಸಿದ್ಧವಿರಲಿಲ್ಲ. 200 ಪೆಲೆಟ್ ಆಗುವಷ್ಟರಲ್ಲಿ ಗುರಿ ಹೊಂದಿಸುವ ನಾಬ್ ತಿರುಗಿಸಿದರೂ ಗುರಿ ಕದಲುತ್ತಿರಲಿಲ್ಲ. ಮತ್ತೆರಡು ಹೊಡೆತಕ್ಕೆ ತಾನಾಗಿ ಒಂದು ಇಂಚು ಪಕ್ಕಕ್ಕೆ ಹಾರುತ್ತಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಸಣ್ಣಗೆ ಲೊಟಲೊಟ.

ಅದು ಕೆಡುವ ಮೊದಲೂ ಸರಿ ಇರಲಿಲ್ಲ. ಕಾರಣ ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದ ಹಾಗೆ ಗುರಿಯ ಗೆರೆಯೂ ಸರಿದಂತೆ ಕಾಣುವುದು. ಈ ಬಗೆಯ ಸ್ಕೋಪನ್ನು ಸಾಮಾನ್ಯವಾಗಿ 100 ಗಜಕ್ಕೆ, ಅಂದರೆ ಸುಮಾರು 91 ಮೀಟರ್‌ಗೆ ಹೊಂದಿಸಿರುತ್ತಾರೆ. ಅದನ್ನು 10 ಮೀಟರ್‌ನಲ್ಲಿ ನೋಡಿದರೆ ಏನಾಗುತ್ತೆ ಅಂತ ನೀವೇ ಪರೀಕ್ಷೆ ಮಾಡಬಹುದು. ಖಾಲಿ ರೈಫಲನ್ನು ಎರಡು ಮರಳಿನ ಚೀಲದ ನಡುವೆ ಕೂರಿಸಿ, ಕ್ರಾಸ್‌ಹೇರ್ (ಸ್ಕೋಪ್ ಒಳಗೆ ಕಾಣುವ ಕೂಡುಗೆರೆ) ಕಪ್ಪು ಚುಕ್ಕೆಯ ಮೇಲೆ ಬರುವ ಹಾಗೆ ಮಾಡಿ. ಈಗ ರೈಫಲ್ ಮುಟ್ಟದೆ ತಲೆಯನ್ನು ಮಾತ್ರ ಮೆಲ್ಲಗೆ ಎಡಕ್ಕೆ, ಬಲಕ್ಕೆ ಆಡಿಸಿ. ನನ್ನ ಸ್ಕೋಪ್‌ನಲ್ಲಿ ಕ್ರಾಸ್‌ಹೇರ್ ಒಂದೊಂದು ಬದಿಗೂ ಒಂದು ಸೆಂಟಿಮೀಟರ್‌ಗಿಂತ ಜಾಸ್ತಿ ಜಾರಿತು. ರೈಫಲ್ ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಅಂದರೆ ಕೆನ್ನೆ ಇಟ್ಟ ಜಾಗ ಸ್ವಲ್ಪ ಬದಲಾದರೆ ಸಾಕು, ಮೊಟ್ಟೆಯ ನಡುವಿಗೆ ಇಟ್ಟ ಗುರಿ ಅಂಚಿಗೆ ಹೋಗಿರುತ್ತದೆ. ಜೊತೆಗೆ 9 ಪಟ್ಟಿಗೆ ತಿರುಗಿಸಿದರೆ ಚಿತ್ರವೇ ಮಂಜು ಮಂಜು.

ಏಓ ಸ್ಕೋಪ್‌ನಲ್ಲಿ ಅದೇ ಪರೀಕ್ಷೆ ಮಾಡಿದೆ. ಬಳೆಯನ್ನು ದೂರಕ್ಕೆ ಸರಿಯಾಗಿ ತಿರುಗಿಸಿದ ಮೇಲೆ ತಲೆ ಆಡಿಸಿದರೂ ಕ್ರಾಸ್‌ಹೇರ್ ಅಂಟಿಕೊಂಡ ಹಾಗೆ ನಿಂತಿತು. ಆ ಸಂಜೆ ನನಗಾದ ಖುಷಿ ಹೇಳಿ ತೀರದು. ಒಂದು ಮಾತು: ಬಳೆಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ನನ್ನ ಸ್ಕೋಪ್‌ನಲ್ಲಿ 20 ಮೀಟರ್‌ಗೆ ಚಿತ್ರ ತಿಳಿಯಾಗುವ ಜಾಗ ಬರೆದ ಅಂಕಿಗಿಂತ ಸ್ವಲ್ಪ ಆಚೆಗಿದೆ. ಅಲ್ಲೊಂದು ಬಿಳಿ ಚುಕ್ಕೆ ಇಟ್ಟುಕೊಂಡಿದ್ದೇನೆ.

ಹಾಗಾದರೆ 4x32 ಕೆಲಸಕ್ಕೆ ಬಾರದ್ದಾ? ಖಂಡಿತ ಅಲ್ಲ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿಗೆ ಬರುವ ಬೆಳಕಿನ ವೃತ್ತ 8 ಮಿ.ಮೀ. ಅಗಲ, ಆದ್ದರಿಂದ ಕಣ್ಣು ತಟ್ಟನೆ ಕೂರುತ್ತದೆ. ಇನ್ನೊಂದರಲ್ಲಿ 9 ಪಟ್ಟಿಗೆ ಹೋದರೆ ಅದು ನಾಲ್ಕೂವರೆ ಮಿ.ಮೀ.ಗೂ ಕಡಿಮೆ, ತಲೆ ಚೂರು ತಪ್ಪಿದರೂ ಅಂಚು ಕಪ್ಪಾಗುತ್ತದೆ. ಮೋಡ ಕವಿದ ಸಂಜೆ 4x ನನಗೆ ಹೆಚ್ಚು ಹಿತವಾಗಿತ್ತು. ತೂಕವೂ ಕಡಿಮೆ. 20 ಮೀಟರ್‌ನಲ್ಲಿ ಐದು ಪೆಲೆಟ್ ಗುಂಪು ನೋಡಿದರೆ 4xನಲ್ಲಿ ಸುಮಾರು 22 ಮಿ.ಮೀ., ಏಓದಲ್ಲಿ 15 ಮಿ.ಮೀ. ಮೊಟ್ಟೆಯ ಅಗಲ ನಾಲ್ಕು ಸೆಂಟಿಮೀಟರ್ ಮೇಲಿದೆ. ಎರಡರಲ್ಲೂ ಮೊಟ್ಟೆ ಒಡೆಯುತ್ತದೆ, ಆದರೆ ಏಓದಲ್ಲಿ ನನ್ನ ಕೈ ಮಾಡುವ ತಪ್ಪಿಗೆ ಜಾಗ ಉಳಿಯುತ್ತದೆ.

ಸ್ಕೋಪೇ ಬೇಡ ಅನ್ನುವವರಿಗೂ ನಾನು ತಲೆದೂಗುತ್ತೇನೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಹಿಂದೆ ಸಣ್ಣ ತೂತು, ಮುಂದೆ ಒಂದು ಬಳೆ, ಅಷ್ಟೇ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಹಾಗೇ. ಆದರೆ ನನಗೆ ನಲವತ್ತು ದಾಟಿದೆ. ಹಿಂದಿನ ಸೈಟ್, ಮುಂದಿನ ಸೈಟ್, ಮೊಟ್ಟೆ ಮೂರನ್ನೂ ಒಟ್ಟಿಗೆ ತಿಳಿಯಾಗಿ ನೋಡಲು ಕಣ್ಣು ಒಪ್ಪುವುದಿಲ್ಲ.

ಈಗ ಮೌಂಟ್. ನಿಜವಾಗಿ ನನ್ನ ಮಳೆಗಾಲದ ಅರ್ಧ ಹೋಗಿದ್ದು ಇಲ್ಲೇ.

ಡಬ್ಬಿಯಲ್ಲಿ ಬಂದಿದ್ದು ಬಿಡಿ ಬಿಡಿ ಎರಡು ರಿಂಗ್, ಒಂದೊಂದಕ್ಕೆ ಒಂದೊಂದು ಸ್ಕ್ರೂ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಪೆಲೆಟ್ ದಿನಾ ಬೇರೆ ಕಡೆ. ನಾನು ಸ್ಕೋಪನ್ನು ಬೈದೆ, ಪೆಲೆಟ್ ಬದಲಾಯಿಸಿದೆ. ಅಪ್ಪ ಬಂದು ನೋಡಿ, "ಮೊದಲು ಅದು ಕೂತ ಜಾಗದಲ್ಲೇ ಇದ್ಯಾ ನೋಡೋ" ಅಂದರು. ಹಿಂದಿನ ರಿಂಗ್‌ನ ಹಿಂಬದಿಗೆ ತಾಗಿಸಿ ರೈಲಿನ (ಮೌಂಟ್ ಕೂರಲು ರೈಫಲ್ ಮೇಲಿರುವ ಪಟ್ಟಿ) ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. 50 ಪೆಲೆಟ್ ಹೊಡೆದು ನೋಡಿದರೆ ಗೆರೆ ಕಾಣಿಸಲಿಲ್ಲ, ರಿಂಗ್ ಅದರ ಮೇಲೆ ಹತ್ತಿ ಕೂತಿತ್ತು. ರೈಲಿನ ಕಪ್ಪು ಬಣ್ಣ ಎರಡು ಮಿ.ಮೀ. ಉದ್ದಕ್ಕೆ ಕೆರೆದು ಬಿಳಿಯಾಗಿತ್ತು. ರೈಫಲ್ ಮುಂದಕ್ಕೆ ಜಿಗಿದಾಗ ಸ್ಕೋಪ್ ಹಿಂದೆ ಉಳಿಯುತ್ತದೆ, ಹಾಗೇ ಪ್ರತಿ ಸಲ ಒಂದಿಷ್ಟು ಹಿಂದಕ್ಕೆ ತೆವಳುತ್ತದೆ. ಸ್ಕ್ರೂ ಇನ್ನೂ ಬಿಗಿ ಮಾಡಿದರೆ ನಿಲ್ಲುತ್ತೆ ಅಂದುಕೊಂಡು ಸ್ಕ್ರೂ ತಲೆಯನ್ನೇ ಸವೆಸಿದೆ.

ಎರಡನೆಯದು ಒಂದೇ ತುಂಡಿನ ಮೌಂಟ್. ಕೆಳಗೆ ಒಂದು ಸಣ್ಣ ಸ್ಟಾಪ್ ಪಿನ್ ಇದೆ. ರೈಲಿನ ಹಿಂಭಾಗದಲ್ಲಿರುವ ತೂತಿಗೆ ಆ ಪಿನ್ ಇಳಿಯಬೇಕು. ಇಳಿದರೆ ಮೌಂಟ್ ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಕೊಳ್ಳುವ ಮುನ್ನ ನಿಮ್ಮ ರೈಫಲ್‌ಗೆ ಆ ತೂತು ಇದೆಯಾ, ರೈಲು 11 ಮಿ.ಮೀ. ಇದೆಯಾ ಅಳೆದು ನೋಡಿ. ಅಗಲವಾದ ಪಿಕಾಟಿನಿ ರೈಲಿನ ಮೌಂಟ್ ಇದಕ್ಕೆ ಕೂರುವುದಿಲ್ಲ. ಸ್ಕೋಪಿನ ಕೊಳವೆ ಒಂದು ಇಂಚಾ, 30 ಮಿ.ಮೀ.ನಾ ಅನ್ನುವುದನ್ನೂ ನೋಡಿ.

ಒಂದೇ ತುಂಡಿನದರಲ್ಲಿ ಒಂದು ಕಷ್ಟವೂ ಇದೆ. ಸ್ಕೋಪನ್ನು ಹಿಂದೆ ಮುಂದೆ ಸರಿಸಲು ಜಾಗ ಕಡಿಮೆ. ರೈಫಲನ್ನು ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಇಟ್ಟು, ಆಮೇಲೆ ಕಣ್ಣು ತೆರೆಯಿರಿ. ಪೂರ್ತಿ ವೃತ್ತ ಕಂಡರೆ ಸರಿ, ಇಲ್ಲದಿದ್ದರೆ ಸ್ಕೋಪ್ ಸರಿಸಿ. ನನಗೆ ಕಣ್ಣಿಗೂ ಗಾಜಿಗೂ ಒಂಬತ್ತು ಸೆಂಟಿಮೀಟರ್ ಹೊಂದಿತು.

ನೆಟ್ಟಗೆ ಕೂರಿಸಲು ಗಾರೆ ಕೆಲಸದವರ ತೂಗುಗುಂಡು ತಂದು ಜಗಲಿಯಲ್ಲಿ ಕಟ್ಟಿದೆ. ರೈಫಲ್ ಮಟ್ಟವಾಗಿಟ್ಟು, ಕ್ರಾಸ್‌ಹೇರ್‌ನ ನಿಂತ ಗೆರೆ ಆ ದಾರದ ಮೇಲೆ ಸರಿಯಾಗಿ ಬೀಳುವವರೆಗೆ ಕೊಳವೆ ತಿರುಗಿಸಿದೆ. ಮೇಲಿನ ಸ್ಕ್ರೂಗಳನ್ನು ಒಂದಾದ ಮೇಲೊಂದು ಪೂರ್ತಿ ಬಿಗಿ ಮಾಡಬೇಡಿ. ಅಡ್ಡಡ್ಡಲಾಗಿ, ಕಾಲು ಸುತ್ತು, ಕಾಲು ಸುತ್ತು. ಕೊನೆಗೆ 2 ನ್ಯೂಟನ್ ಮೀಟರ್ ಒಳಗೆ ನಿಲ್ಲಿಸಿ. ಜಾಸ್ತಿ ಬಿಗಿದರೆ ಕೊಳವೆಗೆ ಗಾಯ.

ನಳಿಗೆ ಮಡಚುವ ರೈಫಲ್‌ಗಳಲ್ಲಿ ನಳಿಗೆ ಚೂರು ಕೆಳಗೆ ಬಾಗಿರುವುದು ಸಾಮಾನ್ಯ. ನನ್ನದರಲ್ಲಿ ಪೆಲೆಟ್ 10 ಮೀಟರ್‌ಗೇ ಮೂರು ಸೆಂಟಿಮೀಟರ್ ಕೆಳಗೆ ಬೀಳುತ್ತಿತ್ತು. ನಾಬ್‌ನಲ್ಲೇ ಸರಿ ಮಾಡಲು ಹೋದರೆ ನಲವತ್ತಕ್ಕೂ ಹೆಚ್ಚು ಕ್ಲಿಕ್. ನಾಬ್‌ನ ಒಂದು ಕ್ಲಿಕ್ ಅಂದರೆ ಕಾಲು ಎಂಓಎ (ಎಂಓಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ), ಅದು 10 ಮೀಟರ್‌ನಲ್ಲಿ ಮುಕ್ಕಾಲು ಮಿ.ಮೀ.ಗಿಂತ ಕಡಿಮೆಯೇ ಸರಿಸುತ್ತದೆ. ಹಾಗೆ ಒಂದೇ ಕಡೆಗೆ ತುಂಬಾ ತಿರುಗಿಸಿದ ಸ್ಕೋಪ್ ಗುರಿ ಹಿಡಿದು ನಿಲ್ಲುವುದು ಕಷ್ಟ. ಅದಕ್ಕೆ ಹಳೇ ಫೋಟೋ ನೆಗೆಟಿವ್ ಕತ್ತರಿಸಿ ಎರಡು ಪದರ ಹಿಂದಿನ ರಿಂಗ್‌ನಲ್ಲಿ ಕೊಳವೆಯ ಕೆಳಗಿಟ್ಟೆ. ರಿಂಗ್‌ಗಳ ನಡುವೆ ಹತ್ತು ಸೆಂಟಿಮೀಟರ್ ಇದ್ದರೆ, ಹಿಂದೆ 0.1 ಮಿ.ಮೀ. ಎತ್ತರಿಸಿದ್ದಕ್ಕೆ 10 ಮೀಟರ್‌ನಲ್ಲಿ ಒಂದು ಸೆಂಟಿಮೀಟರ್ ಏರುತ್ತದೆ. ನನಗೆ ಬೇಕಿದ್ದ ಮೂರು ಸೆಂಟಿಮೀಟರ್‌ಗೆ 0.3 ಮಿ.ಮೀ., ಲೆಕ್ಕ ಸರಿಯಾಗಿ ಕೂತಿತು.

ಕೈಯಲ್ಲಿ ಒಂದೇ ಸಾಮಾನಿಗೆ ದುಡ್ಡಿದ್ದರೆ ಒಂದೇ ತುಂಡಿನ ಮೌಂಟ್ ಮೊದಲು ಕೊಳ್ಳಿ, ಅದರಲ್ಲಿ ಡಬ್ಬಿಯ 4x ಹಾಕಿ. ಏಓ ಆಮೇಲೆ ಬರಲಿ. ಸ್ಪರ್ಧೆಗೆ ಹೋಗುವವರು ಅಲ್ಲಿ ಸ್ಕೋಪ್ ಬಿಡ್ತಾರಾ ಅಂತ ಮೊದಲೇ ಕೇಳಿಕೊಳ್ಳಿ. ನನ್ನ ರೈಫಲ್ ಮೇಲೆ ಈಗ ಏಓ ಇದೆ. ಹೊಸ ಮೌಂಟ್ ಹಾಕಿದ ದಿನ ಎಳೆದ ಪೆನ್ಸಿಲ್ ಗೆರೆ, 400 ಪೆಲೆಟ್ ಆದರೂ, ಎಳೆದ ಜಾಗದಲ್ಲೇ ಕಾಣುತ್ತಿದೆ.